ಹತ್ತೊಂಬತ್ತು ಇಂಚಿನ ಸೋಫಾ

ನಮ್ಮ ಮನೆಗೆ ಸೋಫಾ ಬಂದದ್ದು ನಾವು ಲಂಡನ್ನಿಗೆ ಬಂದ ಹದಿನಾಲ್ಕನೆಯ ವರ್ಷದಲ್ಲಿ. ಅದೂ ಆಸೆಪಟ್ಟು ತಂದದ್ದಲ್ಲ. ನಮ್ಮ ಮನೆಯವರ ಸೊಂಟದ ಕೀಲು ಸವೆದು, ಅದನ್ನು ಬದಲಿಸಲು ಆಸ್ಪತ್ರೆಯವರು ಕಡೆಗೂ ಒಂದು ದಿನ ಕೊಟ್ಟು, ಆ ದಿನ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ಭಯ ಹುಟ್ಟಿದ ಮೇಲೆ ಓಡಾಡಿ ತಂದದ್ದು.

ಅಲ್ಲಿಯವರೆಗೆ ಹೇಸ್‌ನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಇದ್ದದ್ದು ಒಂದು ಗಾದಿ, ಮೂರು ಲೋಡು, ಮೇಲೆ ಧಾರವಾಡದಿಂದ ತಂದ ಜಮಖಾನ. ನಮ್ಮ ಮನೆಯವರಿಗೆ ಅದರ ಬಗ್ಗೆ ಭಾರಿ ಅಭಿಮಾನ. ದಕ್ಷಿಣ ಲಂಡನ್ನಿನ ಸಟನ್ ಕಡೆಯಿಂದ ಬೆಂಗಳೂರಿನ ಸ್ನೇಹಿತರು ಬಂದರೆ ಮೊದಲು ನಿಂತೇ ಇರುತ್ತಿದ್ದರು, ಆಮೇಲೆ "ಅಯ್ಯೋ, ಊರಲ್ಲಿದ್ದ ಹಾಗೇ ಇದೆ ಕಣ್ರೀ" ಎನ್ನುತ್ತ ಕೂರುತ್ತಿದ್ದರು, ಏಳುವಾಗ ಗೋಡೆ ಹಿಡಿಯುತ್ತಿದ್ದರು. ಆಗ ನಮ್ಮವರ ಭಾಷಣ ಶುರುವಾಗುತ್ತಿತ್ತು. "ಸೋಫಾದಾಗ ಕುಂತವರು ಹತ್ತು ವರ್ಷದಾಗ ಮೊಣಕಾಲು ಹಿಡಕೊಂಡು ಡಾಕ್ಟರ್ ಕಡೆ ಓಡ್ತಾರ. ನೆಲಕ್ಕ ಕುಂತಾವ ನೂರು ವರ್ಷ ಬಾಳ್ತಾನ ನೋಡ್ರಿ." ಹೀಗೆ ಹೇಳುತ್ತಿದ್ದವರ ಕೀಲೇ ಐವತ್ನಾಲ್ಕಕ್ಕೆ ಹೋಯಿತು. ನಾನು ನಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಅಡುಗೆಮನೆಗೆ ಹೋಗಿ ನಕ್ಕು ಬಂದೆ.

ಅಭಿಮಾನದ ಹಿಂದೆ ಇದ್ದದ್ದು ದುಡ್ಡಿನ ಮುಗ್ಗಟ್ಟು ಎಂಬುದು ಇಬ್ಬರಿಗೂ ಗೊತ್ತಿತ್ತು. ಸೋಫಾಕ್ಕೆಂದು ಎತ್ತಿಟ್ಟದ್ದು ಒಂದು ವರ್ಷ ವೀಸಾ ಫೀಸಿಗೆ ಹೋಯಿತು, ಇನ್ನೊಂದು ವರ್ಷ ಅವಸರದಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆ, ಮತ್ತೊಂದು ವರ್ಷ ಮಗಳ ಲ್ಯಾಪ್‌ಟಾಪಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಮ್ಮದು ಅಕ್ಷರಶಃ ಹಾಗೆಯೇ ಆಗಿತ್ತು. ಇದ್ದ ಒಂದು ಗಾದಿಯ ಮೇಲೆ ಮೂವರೂ ಕಾಲು ಚಾಚಿದೆವು.

ಆದರೆ ಆ ಗಾದಿ ನನಗೂ ಬೇಕಾಗಿತ್ತು. ನನ್ನ ಕೆಲಸ ಪಾರ್ಕ್ ರಾಯಲ್‌ನ ಒಂದು ಅಡುಗೆ ಕಾರ್ಖಾನೆಯಲ್ಲಿ, ಬೆಳಿಗ್ಗೆ ಆರರಿಂದ ಎರಡರವರೆಗೆ. ಅವರದು ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ, ಸಂಜೆ ಐದರಿಂದ. ನಾನು ಮೂರೂವರೆಗೆ ಮನೆ ಸೇರಿದರೆ ಅವರು ನಾಲ್ಕೂವರೆಗೆ ಹೊರಡಬೇಕು. ನಡುವೆ ಸಿಗುವ ಒಂದು ತಾಸಿನಲ್ಲಿ ಎದುರುಬದುರು ಕುಳಿತು ಉಣ್ಣುತ್ತಿದ್ದೆವು. ಅದನ್ನು ಮಧ್ಯಾಹ್ನದ ಊಟ ಎನ್ನಲಾಗದು, ರಾತ್ರಿಯದೂ ಅಲ್ಲ. ಮಗಳು ಅದಕ್ಕೆ "ಯುವರ್ ಫೋರ್ ಓ ಕ್ಲಾಕ್ ಥಿಂಗ್" ಎಂದು ಹೆಸರಿಟ್ಟಿದ್ದಳು. ನನ್ನ ಅತ್ತೆಯ ಮನೆಯಲ್ಲಿ ಮಾವ ಕುರ್ಚಿಯಲ್ಲಿ ಕುಳಿತು ಮೇಜಿನ ಮೇಲೆ ಉಂಡು ಏಳುವವರೆಗೆ ಅತ್ತೆ ಬಾಗಿಲ ಹತ್ತಿರ ನೆಲದ ಮೇಲೆ ಕುಳಿತಿರುತ್ತಿದ್ದರು, ಆಮೇಲೆ ಉಣ್ಣುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಅವರ ಪಕ್ಕದಲ್ಲಿ ಕುಳಿತೆ. ಆಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ, ನನ್ನದೇ ಮನೆ ಅಂತಾದ ಮೇಲೆ ಯಾರ ಕಾಲ ಬುಡದಲ್ಲೂ ಹೀಗೆ ಕೂರುವುದಿಲ್ಲ ಎಂದು. ಇಬ್ಬರೂ ನೆಲಕ್ಕೆ ಕುಳಿತರೆ ಆ ತಕರಾರೇ ಇರುವುದಿಲ್ಲ. ಲಂಡನ್ನಿನ ಬಡತನ ನನಗೆ ಅಷ್ಟು ಉಪಕಾರ ಮಾಡಿತ್ತು.

ಕೀಲಿನ ನೋವು ಶುರುವಾಗಿ ಎರಡು ವರ್ಷವಾಗಿತ್ತು. ಮೆಟ್ಟಿಲು ಹತ್ತುವಾಗ ಒಂದೊಂದಕ್ಕೂ ನಿಲ್ಲುತ್ತಿದ್ದರು. ಗೋದಾಮಿನಲ್ಲಿ ಮೇಲ್ವಿಚಾರಕ ಒಳ್ಳೆಯವನು, ಕುಳಿತು ಮಾಡುವ ಕೆಲಸ ಕೊಟ್ಟಿದ್ದ, ಆದರೆ ಎಷ್ಟು ದಿನ ಎಂದು ಅವನೂ ಹೇಳಿರಲಿಲ್ಲ. ಆಪರೇಷನ್ನಿನ ಸರದಿಯಲ್ಲಿ ಹೆಸರಿತ್ತು. ನವೆಂಬರಿನ ಒಂದು ಶುಕ್ರವಾರ, ನನಗೆ ರಜೆಯಿದ್ದ ದಿನ, ಅವರು ಮೇಲೆ ಮಲಗಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಯಾರೋ ಬರಲಾಗುವುದಿಲ್ಲ ಎಂದರಂತೆ, ಹತ್ತು ದಿನದಲ್ಲಿ ಜಾಗ ಖಾಲಿಯಿದೆ, ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದು ಕೂಗಿಯೇ ಹೇಳಿದೆ.

ಫೋನಿನಲ್ಲಿದ್ದ ಹೆಣ್ಣುಮಗಳು ಕಾಗದ ತಿರುವಿದ ಸದ್ದು ಕೇಳಿಸಿತು. "ನಿಮ್ಮ ಯಜಮಾನರು ಏಪ್ರಿಲ್‌ನಲ್ಲಿ ತುಂಬಿದ ಫಾರ್ಮು ನೋಡುತ್ತಿದ್ದೇನೆ. ಮನೆಯಲ್ಲಿ ಅವರು ಕೂರುವ ಕುರ್ಚಿಯ ಎತ್ತರ ಹತ್ತೊಂಬತ್ತು ಇಂಚು. ತುಂಬ ಒಳ್ಳೆಯದು, ಆಪರೇಷನ್ ಆದ ಮೇಲೆ ತಗ್ಗಿನ ಆಸನದಿಂದ ಏಳುವುದು ಕಷ್ಟ, ಇದು ಅವರ ಕಾಲಿನ ಅಳತೆಗೆ ಸರಿಯಾಗಿದೆ. ಗುರುವಾರ ನಾನು ಟಾಯ್ಲೆಟ್ ಸೀಟು ಎತ್ತರಿಸುವ ಚೌಕಟ್ಟು ತರುತ್ತೇನೆ, ಕುರ್ಚಿಯನ್ನೂ ನೋಡಿಬಿಡುತ್ತೇನೆ. ಮನೆ ಸಿದ್ಧವಿಲ್ಲದಿದ್ದರೆ ದಿನವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಆದರೆ ನಿಮಗೆ ಆ ತೊಂದರೆ ಇಲ್ಲ."

ಕುರ್ಚಿ? ನಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿ ಮಗಳ ಕೋಣೆಯದು, ಕೆಳಗೆ ಗಾಲಿಯಿದ್ದದ್ದು, ಕೂತರೆ ತಿರುಗುವಂಥದ್ದು. ಆದರೂ ನನ್ನ ಬಾಯಿಂದ ಬಂದದ್ದು "ಯೆಸ್, ಯೆಸ್, ವೆರಿ ಗುಡ್ ಚೇರ್" ಎಂಬ ಮಾತು. ಹೊರಗಿನವರ ಎದುರು ಗಂಡನ ಮಾತು ಬೀಳಿಸಬಾರದು ಎಂದು ನನ್ನ ತಾಯಿ ಕಲಿಸಿದ್ದು ಎಂಥ ಹೊತ್ತಿನಲ್ಲಿ ಕೆಲಸ ಮಾಡಿತು ನೋಡಿ.

ಫೋನಿಟ್ಟವಳೇ ಮೇಲೆ ಹೋಗಿ ಎಬ್ಬಿಸಿದೆ. "ಯಾವ ಕುರ್ಚಿರೀ ಅದು, ಹತ್ತೊಂಬತ್ತು ಇಂಚಿಂದು?"

ಅವರು ಛಾವಣಿ ನೋಡುತ್ತ ಹೇಳಿದರು. "ಗೋದಾಮಿನ ಕ್ಯಾಂಟೀನಿಂದು."

"ಅಂದ್ರ? ಕ್ಯಾಂಟೀನಿನ ಕುರ್ಚಿ ಅಳತಿ ಮಾಡಿ ನಮ್ಮ ಮನೀದು ಅಂತ ಬರದ್ರೇನು?"

"ಮತ್ತೇನ್ ಬರೀಲಿ? ಕುರ್ಚಿ ಇಲ್ಲ, ನೆಲಕ್ಕ ಕುಂದರ್ತೀವಿ ಅಂತ ಬರೀಲೇನು? ಇವ್ರು ತಿರುಕರು ಅಂದಾರು."

ನೂರು ವರ್ಷ ಬಾಳುವ ಮನುಷ್ಯ! ಊರಿಗೆಲ್ಲ ನೆಲದ ಮಹಿಮೆ ಸಾರಿದವರು, ಒಂದು ಕಾಗದದ ಮುಂದೆ ನಾಚಿಕೊಂಡು ಕ್ಯಾಂಟೀನಿನಲ್ಲಿ ಟೇಪು ಹಿಡಿದಿದ್ದರು. ನನಗೆ ಬಂದ ಸಿಟ್ಟನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮಗಳು, ಹದಿನೇಳರ ಹುಡುಗಿ, "ಅಪ್ಪಾ, ಜಸ್ಟ್ ಕಾಲ್ ದೆಮ್ ಆ್ಯಂಡ್ ಟೆಲ್ ದ ಟ್ರೂತ್" ಎಂದಳು. ಇಬ್ಬರೂ ಒಟ್ಟಿಗೇ "ನೀ ಸುಮ್ಕಿರು" ಎಂದೆವು. ಆ ದಿನ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಮಗಳು ಹೇಳಿದ್ದೇ ಸರಿಯಾಗಿತ್ತು. ಆದರೆ ಅವಳು ಫಾರ್ಮುಗಳ ಭಯದಲ್ಲಿ ಬೆಳೆದವಳಲ್ಲ. ನಾವು ಹದಿನಾಲ್ಕು ವರ್ಷ ಈ ದೇಶದಲ್ಲಿ ಫಾರ್ಮು ತುಂಬಿಯೇ ಉಳಿದವರು. ಪ್ರತಿ ಪುಟದ ಕೆಳಗೂ, ಮೇಲೆ ಬರೆದದ್ದೆಲ್ಲ ನಿಜ, ಸುಳ್ಳಾದರೆ ಇಂತಿಂಥದ್ದು ಆಗಬಹುದು ಎಂದು ಅಚ್ಚಾಗಿರುತ್ತಿತ್ತು. ಒಂದು ಅಕ್ಷರ ತಪ್ಪಿತೆಂದು ರಾತ್ರಿಯೆಲ್ಲ ನಿದ್ದೆಗೆಟ್ಟದ್ದಿದೆ. ಒಮ್ಮೆ ಬರೆದದ್ದನ್ನು ಸುಳ್ಳು ಎಂದು ಒಪ್ಪಿಕೊಳ್ಳುವುದು ನಮ್ಮ ಕೈಲಾಗುವ ಕೆಲಸವಾಗಿರಲಿಲ್ಲ. ಹೀಗಾಗಿ ಫಾರ್ಮು ತಿದ್ದುವ ಬದಲು ಮನೆಯನ್ನೇ ತಿದ್ದುವುದು ಎಂದು ತೀರ್ಮಾನಿಸಿದೆವು. ಗುರುವಾರದೊಳಗೆ ಹತ್ತೊಂಬತ್ತು ಇಂಚು ಎತ್ತರದ ಆಸನವೊಂದು ಮನೆಯಲ್ಲಿರಬೇಕು.

ಶನಿವಾರ ನಾನೊಬ್ಬಳೇ ಹೊರಟೆ. ಅವರಿಗೆ ಬಸ್ಸು ಹತ್ತಿ ಇಳಿಯುವುದು ಕಷ್ಟ. ರವಿಕೆ ಹೊಲಿಯುವ ಟೇಪು ಚೀಲದಲ್ಲಿತ್ತು. ಆಪರೇಷನ್ ಆದ ಮೇಲೆ ಅವರಿಗೆ ಸಿಕ್‌ನೆಸ್ ದುಡ್ಡು ಮಾತ್ರ ಬರುವುದು, ಅದು ಬಾಡಿಗೆಗೇ ಸಾಲದು, ಆದ್ದರಿಂದ ನೂರು ಪೌಂಡು ದಾಟಬಾರದು ಎಂದು ನಾನೇ ಗೆರೆ ಹಾಕಿಕೊಂಡಿದ್ದೆ. ಮೊದಲು ಹೊಸ ಅಂಗಡಿಗೆ ಹೋದೆ. ಎತ್ತರದ ಆಸನಗಳನ್ನು ಅವರು ಮುದುಕರ ವಿಭಾಗದಲ್ಲಿ ಇಟ್ಟಿದ್ದರು. ಗುಂಡಿ ಒತ್ತಿದರೆ ತಾನೇ ಎತ್ತಿ ನಿಲ್ಲಿಸುವಂಥವು. ಒಂದೊಂದರ ಬೆಲೆ ನಮ್ಮ ತಿಂಗಳ ಬಾಡಿಗೆಯನ್ನು ನಾಚಿಸುವಂತಿತ್ತು. ನಮಸ್ಕಾರ ಮಾಡಿ ಹೊರಬಂದೆ.

ಆಮೇಲೆ ಹಳೆಯ ಸಾಮಾನಿನ ಚಾರಿಟಿ ಅಂಗಡಿ. ಉದ್ದನೆಯ ಶೆಡ್ಡು, ತುಂಬ ಸೋಫಾಗಳು. ನಾನು ಒಂದೊಂದಕ್ಕೂ ಬಗ್ಗಿ ಟೇಪು ಹಿಡಿಯುತ್ತ ಹೋದೆ. ಹದಿನೈದು, ಹದಿನಾಲ್ಕೂವರೆ, ಹದಿನಾರು. ಎಲ್ಲ ಸೋಫಾಗಳೂ ತಗ್ಗು. ಕೂತರೆ ಇನ್ನೆರಡು ಇಂಚು ಒಳಗೆ ಹೋಗುತ್ತಿದ್ದವು. ಅಲ್ಲಿ ಪುಕ್ಕಟೆ ಕೆಲಸ ಮಾಡುವ ಒಬ್ಬ ಇಂಗ್ಲಿಷ್ ಅಜ್ಜ ಬಹಳ ಹೊತ್ತು ನನ್ನನ್ನು ನೋಡಿ ಹತ್ತಿರ ಬಂದರು. "ನಿಮಗೆ ಬೇಕಾಗಿರುವುದು ಸೋಫಾನೋ ಏಣಿಯೋ?" ಎಂದು ಕೇಳಿದರು.

ಸೊಂಟದ ಕಥೆ ಹೇಳಿದೆ. ಆಸ್ಪತ್ರೆ ಎಂದೊಡನೆ ಅವರ ಮುಖ ಗಂಭೀರವಾಯಿತು. ತಮ್ಮ ಎಡ ಸೊಂಟವನ್ನು ತಟ್ಟಿ, ತಮ್ಮದೂ ಬದಲಿಸಿದ್ದೇ ಎಂದರು. ಶೆಡ್ಡಿನ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಮುಚ್ಚಿಹೋದ ಯಾವುದೋ ಕೇರ್ ಹೋಮಿನಿಂದ, ಅಂದರೆ ವೃದ್ಧಾಶ್ರಮದಿಂದ, ಬಂದ ಸಾಮಾನು ಅಲ್ಲಿತ್ತು. ಒಂದು ಒಂಟಿ ಕುರ್ಚಿ, ಇಪ್ಪತ್ತು ಪೌಂಡು. ಅದರ ಜೊತೆಯದೇ ಆದ ಇಬ್ಬರು ಕೂರುವ ಸೋಫಾ, ಎಪ್ಪತ್ತು. ಎರಡಕ್ಕೂ ಗಟ್ಟಿ ಮರದ ತೋಳು, ಒರೆಸಿದರೆ ಸ್ವಚ್ಛವಾಗುವ ಕಂದು ಬಣ್ಣದ ಹೊದಿಕೆ. ಚೆಂದವೇನಲ್ಲ. ಟೇಪು ಹಿಡಿದೆ. ಎರಡೂ ಹತ್ತೊಂಬತ್ತು. ಅಜ್ಜ ಸ್ವತಃ ಕೂತು, ತೋಳು ಹಿಡಿದು ಎದ್ದು ತೋರಿಸಿದರು.

ಮನೆಗೆ ಫೋನು ಮಾಡಿದೆ.

"ಕುರ್ಚಿ ತಗೋ," ಎಂದರು ನಮ್ಮವರು ತಕ್ಷಣ. "ಇಪ್ಪತ್ತರಾಗ ಮುಗೀತು. ಎಪ್ಪತ್ತು ಯಾಕ ಸುರೀತಿ?"

"ನೀವು ಕುರ್ಚಿ ಮ್ಯಾಲೆ ಕುಂತ್ರ ನಾ ಎಲ್ಲಿ ಕುಂದರ್ಲಿ?"

"ಗಾದಿ ಐತಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗಾದಿ ಇತ್ತು, ನಿಜ. ಆದರೆ ಆ ಶೆಡ್ಡಿನ ಚಳಿಯಲ್ಲಿ ನಿಂತ ನನಗೆ ಅತ್ತೆ ಮನೆಯ ಬಾಗಿಲು ಕಣ್ಣಿಗೆ ಕಟ್ಟಿತು. "ಏನರೆ ಅನ್ರಿ, ನಾ ಸೋಫಾನ ತರಾಕಿ," ಎಂದು ಫೋನು ಇಟ್ಟೆ. ಮನೆಗೆ ತಲುಪಿಸಲು ಇಪ್ಪತ್ತೈದು. ನನ್ನ ಗೆರೆಯೊಳಗೆ ಐದು ಪೌಂಡು ಉಳಿಯಿತು. ಐವತ್ತು ಪೌಂಡಿನ ಹಟ ಎಂದು ಗೊತ್ತಿತ್ತು. ಆ ತಿಂಗಳು ತರಕಾರಿ ಅಂಗಡಿಯಲ್ಲಿ ಆ ಹಟದ ನೆನಪಾಗುತ್ತಲೇ ಇತ್ತು.

ಮಂಗಳವಾರ ಸೋಫಾ ಬಂತು. ಹೊಸ ವಸ್ತು ಮನೆಯೊಳಗೆ ಬಂದರೆ ಅರಿಶಿನ ಕುಂಕುಮ ಇಡುವುದು ನಮ್ಮ ರೂಢಿ, ಸೈಕಲ್ ಇರಲಿ ಮಿಕ್ಸರ್ ಇರಲಿ. ಅದರ ತೋಳಿಗೂ ಇಟ್ಟೆ. ಗಾದಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದೆ. ನಮ್ಮವರು ಗೋಡೆ ಹಿಡಿದು ನಿಂತು ಸೋಫಾವನ್ನು ಅಪರಿಚಿತ ನೆಂಟರನ್ನು ನೋಡುವಂತೆ ನೋಡಿದರು.

"ಎಷ್ಟ ಮಂದಿ ಮುದುಕರು ಕುಂತು ಹೋಗ್ಯಾರೋ ಇದರ ಮ್ಯಾಲೆ."

"ಹೋಗ್ಯಾರ ಅನಬ್ಯಾಡ್ರಿ. ಕುಂತು ಎದ್ದಾರ ಅನ್ರಿ."

ಅವರು ಅದರ ಮೇಲೆ ಕೂರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ನಾಲ್ಕು ಗಂಟೆಗೆ ನಾನು ತಾಟು ತರುವಷ್ಟರಲ್ಲಿ ಗಾದಿಯನ್ನು ಎಳೆದು ಹಾಸಿಕೊಂಡು, ಹಲ್ಲು ಕಚ್ಚಿ, ಎಡಗಾಲು ಮುಂದೆ ಚಾಚಿಕೊಂಡು ಕುಳಿತೇ ಬಿಟ್ಟಿದ್ದರು. ಎಪ್ಪತ್ತು ಪೌಂಡಿನ ಸೋಫಾ ಪಕ್ಕದಲ್ಲಿ ಖಾಲಿ. "ಯಾಕ್ರೀ, ಅದಕ್ಕೇನ್ ಮುಳ್ಳು ಹತ್ಯಾವೇನು?" ಎಂದು ಕೂಗಾಡಿದೆ. "ಗುರುವಾರ ಕುಂದರ್ತೀನಿ ಬಿಡ," ಎಂದರು. ರೊಟ್ಟಿ ಮುರಿದು ನನ್ನ ಮುಖ ನೋಡಿ ನಕ್ಕರು. ಏಳುವಾಗ ನಾನೂ ಮಗಳೂ ಎರಡೂ ಕಡೆ ಹಿಡಿದು ಎತ್ತಬೇಕಾಯಿತು. ಬರೀ ಮೊಂಡುತನ ಎಂದುಕೊಂಡೆ.

ಗುರುವಾರ ಫೋನಿನ ಹೆಣ್ಣುಮಗಳು ಬಂದರು. ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಕೈಯಲ್ಲಿ ಬಿಳಿ ಚೌಕಟ್ಟು, ಹೆಗಲಲ್ಲಿ ಚೀಲ. ಮಂಚ ನೋಡಿದರು, ಮೆಟ್ಟಿಲು ನೋಡಿದರು, ಬಚ್ಚಲು ನೋಡಿದರು. ಮುಂದಿನ ಕೋಣೆಗೆ ಬಂದು ಸೋಫಾಗೆ ಅಳತೆಪಟ್ಟಿ ಹಿಡಿದು "ನೈಂಟೀನ್, ಪರ್ಫೆಕ್ಟ್" ಎಂದರು. ನನ್ನ ಎದೆ ಹಗುರಾಯಿತು. "ಈಗ ಒಂದು ಸಲ ಕೂತು ಎದ್ದು ತೋರಿಸಿ," ಎಂದರು ನಮ್ಮವರಿಗೆ.

ನಮ್ಮವರು ಕುಳಿತರು. ಹೊರಗಿನವರು ನೋಡುತ್ತಿದ್ದಾರೆ ಎಂಬ ಗಾಬರಿಯೋ, ಐವತ್ತು ವರ್ಷದ ರೂಢಿಯೋ, ಕುಳಿತೊಡನೆ ಚಪ್ಪಲಿ ಕಳಚಿ ಬಲಗಾಲನ್ನು ಮೇಲೆ ಎಳೆದುಕೊಂಡು ಮಡಚಿದರು. ಎಡಗಾಲನ್ನೂ ಕೈಯಿಂದ ಹಿಡಿದು ಎತ್ತಲು ಹೋಗಿ "ಅಯ್ಯವ್ವಾ" ಎಂದು ನಿಂತರು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಲು ಹೊರಟಿದ್ದರು!

ಆ ಹೆಣ್ಣುಮಗಳು ನಗಲಿಲ್ಲ. ಅವರ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಎದುರಿಗೆ ಮಂಡಿಯೂರಿ ಕುಳಿತು ಕೇಳಿದರು. "ನೀವು ದಿನಾಲು ಎಲ್ಲಿ ಕೂರುತ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಬಾಗಿಲ ಹಿಂದೆ ಸುತ್ತಿಟ್ಟ ಗಾದಿಯ ಕಡೆ ಬೆರಳು ತೋರಿಸಿದರು. "ಫ್ಲೋರ್," ಎಂದರು. ಆಮೇಲೆ ಕ್ಯಾಂಟೀನಿನ ಕಥೆಯನ್ನೂ ಹೇಳಿಬಿಟ್ಟರು. ಹೋಯಿತು ದಿನ, ಇನ್ನು ಮತ್ತೆ ಸರದಿ, ಮತ್ತೆ ಎಷ್ಟು ಚಳಿಗಾಲವೋ ಎಂದುಕೊಂಡೆ.

ಆಕೆ ಫಾರ್ಮಿನಲ್ಲಿ ಏನೋ ಬರೆದುಕೊಂಡರು. "ಈಗ ಸೋಫಾ ಇದೆಯಲ್ಲ, ದಿನ ಬದಲಾಗುವುದಿಲ್ಲ," ಎಂದರು. "ಆದರೆ ಆಗಲೇ ಬರೆದಿದ್ದರೆ ಎತ್ತರದ ಕುರ್ಚಿಯೊಂದನ್ನು ನಾವೇ ಕೊಡುತ್ತಿದ್ದೆವು. ಪುಕ್ಕಟೆ. ವಾಸಿಯಾದ ಮೇಲೆ ವಾಪಸು ಕೊಟ್ಟರಾಗಿತ್ತು." ಮೆಟ್ಟಿಲ ಮೇಲಿದ್ದ ಮಗಳು ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಹೊರಡುವಾಗ ಆಕೆ ನಮ್ಮವರಿಗೆ ಮತ್ತೊಂದು ಮಾತು ಹೇಳಿದರು. "ಸರ್ಜನ್ ವಸಂತದಲ್ಲಿ ಹೇಳಿದ್ದು ನೆನಪಿದೆಯಲ್ಲ? ಮೂರು ತಿಂಗಳು ನೆಲದ ಮೇಲೆ ಕೂರಲೇಬಾರದು. ನಿಮ್ಮ ಕೀಲಿನ ಸ್ಥಿತಿಯಲ್ಲಿ ಆಮೇಲೂ ಕಾಲು ಮಡಚಿ ಕೂರುವ ಆಸೆ ಬಿಡುವುದೇ ಒಳ್ಳೆಯದು."

ನಮ್ಮವರು ನೆನಪಿದೆ ಎಂದು ತಲೆಯಾಡಿಸಿದರು. ನನಗೆ ನೆನಪಿರಲಿಲ್ಲ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ವಸಂತದಲ್ಲಿ ಸರ್ಜನ್ನನ್ನು ನೋಡಲು ಅವರೊಬ್ಬರೇ ಹೋಗಿದ್ದರು. ನನಗೆ ಶಿಫ್ಟು ಇತ್ತು.

ಬಾಗಿಲು ಮುಚ್ಚಿ ಬಂದು ಎದುರಿಗೆ ನಿಂತೆ. "ನಿಮಗ ಏಪ್ರಿಲ್‌ದಾಗ ಗೊತ್ತಿತ್ತೇನ್ರೀ ಇದು?"

"ಗೊತ್ತಿತ್ತು."

"ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅವತ್ತ ಗಾದಿ ಎತ್ತಿಬಿಡ್ತಿದ್ದಿ. ಫಾರ್ಮಿನ್ಯಾಗ ನೆಲಾ ಅಂತ ಬರದಿದ್ರ ಅವ್ರು ಮರುದಿನಾನ ಕುರ್ಚಿ ತಂದು ಇಡ್ತಿದ್ರು." ಅವರು ತಮ್ಮ ಮೊಣಕಾಲುಗಳನ್ನೇ ನೋಡುತ್ತಿದ್ದರು. "ಹೆಂಗೂ ಮುಂದ ಕುಂದರಾಕ ಆಗೂದಿಲ್ಲ. ಆಗೂತನಕ ನಿನ್ನ ಎದುರಿಗೆ ಕುಂತು ಉಣಬೇಕು ಅನಿಸ್ತು. ಏಳು ತಿಂಗಳು ಸಿಕ್ತು."

ತಿರುಕರು ಅಂದಾರು ಎಂಬುದು ನೆಪವಾಗಿತ್ತು. ನಾಚಿಕೆಯ ಮಾತು ಹೇಳುವುದು ಅವರಿಗೆ ಸುಲಭ, ಪ್ರೀತಿಯ ಮಾತು ಹೇಳುವುದೇ ಕಷ್ಟ. ಏಳು ತಿಂಗಳು ದಿನಾ ಆ ನೋವು ತಿಂದು ನೆಲಕ್ಕೆ ಕುಳಿತಿದ್ದರು, ನಾನು ಅದನ್ನು ಮೊಂಡುತನ ಎಂದು ಬೈದಿದ್ದೆ. ಆ ಮಧ್ಯಾಹ್ನ ನನಗೆ ಅವರ ಮೇಲೆ ಸಿಟ್ಟೂ ಇತ್ತು, ನನ್ನ ಮೇಲೆ ನಾಚಿಕೆಯೂ ಇತ್ತು. ಚಹಾ ಮಾಡಲು ಹೋದೆ.

ಆಪರೇಷನ್ ಚೆನ್ನಾಗಿ ಆಯಿತು. ಮೂರನೆಯ ದಿನ ಊರುಗೋಲಿನ ಮೇಲೆ ಮನೆಗೆ ಬಂದರು. ಸೋಫಾದ ತೋಳು ಹಿಡಿದು, ಹೇಳಿಕೊಟ್ಟಂತೆ ಆಪರೇಷನ್ ಆದ ಕಾಲು ಮುಂದೆ ಚಾಚಿ, ಮೆಲ್ಲಗೆ ಕುಳಿತರು. ನಾನು ಒಂದು ವಾರ ರಜೆ ಹಾಕಿದ್ದೆ, ಆದರೂ ಊಟಕ್ಕೆ ನಾಲ್ಕೇ ಗಂಟೆ ಆಯಿತು. ಹೊರಗೆ ಆಗಲೇ ಚಳಿಗಾಲದ ಕತ್ತಲು. ಟ್ರೇಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು ಅವರ ಮಡಿಲಿಗೆ ಕೊಟ್ಟೆ. ನನ್ನ ತಾಟು ತಂದುಕೊಂಡು ಅವರ ಎದುರಿಗೆ ನೆಲದ ಮೇಲೆ ಕುಳಿತು ರೊಟ್ಟಿ ಮುರಿದೆ.

ಅವರು ಉಣ್ಣಲಿಲ್ಲ. ಕೈಯಲ್ಲಿ ತುತ್ತು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ನಿನ್ನ ಬೈತಲಿ ಎಷ್ಟ ಬೆಳ್ಳಗಾಗೇದ."

"ಇವತ್ತ ಕಂಡ್ತೇನ್ರೀ ನಿಮಗ?"

"ಎದುರಿಗೆ ಕುಂತಾಗ ಕಾಣ್ತಿರಲಿಲ್ಲ. ಮ್ಯಾಲಿಂದ ಕಾಣ್ತದ." ಮತ್ತೆ ನನ್ನ ಬೈತಲೆಯ ಕಡೆ ನೋಡಿದರು. "ನಮ್ಮಪ್ಪಗ ನಮ್ಮವ್ವ ಜೀವನಪೂರ್ತಿ ಹಿಂಗ ಕಂಡಿರಬೇಕು."

ಆಗ ನೋಡಿಕೊಂಡೆ ನಾನು ಎಲ್ಲಿ ಕುಳಿತಿದ್ದೇನೆ ಎಂದು. ನನ್ನ ಮುಂದೆ ಇದ್ದದ್ದು ಅವರ ಎರಡು ಪಾದ, ಆಸ್ಪತ್ರೆಯ ಬಿಳಿ ಕಾಲುಚೀಲದಲ್ಲಿ. ಯಾರೂ ನನ್ನನ್ನು ಅಲ್ಲಿ ಕೂರಿಸಿರಲಿಲ್ಲ. ಹೀಗೆ ಕೂರಬಾರದೆಂದೇ ಜಗಳಾಡಿ ಸೋಫಾ ತಂದವಳು ನಾನೇ ಹೋಗಿ ಅಲ್ಲಿ ಕುಳಿತಿದ್ದೆ. ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ.

"ಏಳು," ಎಂದರು ಅವರು. ಬಗ್ಗಲು ಆಗುತ್ತಿರಲಿಲ್ಲ, ಪಕ್ಕದ ಖಾಲಿ ಜಾಗವನ್ನು ಎಡಗೈಯಿಂದ ತಟ್ಟಿದರು. "ನೀ ಮ್ಯಾಲೆ ಬಾ. ನೀ ಬರೂತನ ನಾ ಉಣ್ಣೂದಿಲ್ಲ."

ತಾಟು ಹಿಡಿದು ಎದ್ದು ಅವರ ಪಕ್ಕ ಕುಳಿತೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಉಣ್ಣುವಾಗ ಅವರ ಮುಖ ನನಗೆ ಕಾಣಲಿಲ್ಲ, ಎದುರಿಗೆ ಬರೀ ಕಿಟಕಿ ಇತ್ತು. ಅವರು ತಮ್ಮ ಕೈಯಲ್ಲಿದ್ದ ತುತ್ತನ್ನು ನನ್ನ ತಾಟಿಗೆ ಹಾಕಿ, ಮತ್ತೊಂದು ರೊಟ್ಟಿ ಮುರಿದರು.